ವಾಪಸ್ ಕೊಡಬೇಕಾದ ಫೋಟೋ

ಫೋಟೋ ತಗಿಯೂದು ದೊಡ್ಡ ಕೆಲಸ ಅಲ್ಲ. ತಗದ ಫೋಟೋ ಎಲ್ಲಿ ಇಡಬೇಕು ಅನ್ನೂದು ದೊಡ್ಡ ಕೆಲಸ. ಈ ಮಾತನ್ನ ಈಗ ನಾ ಭಾಳ ಶಾಣ್ಯಾಕಿ ಹಂಗ ಹೇಳ್ತೇನಿ ಖರೆ, ಆದ್ರ ನಾ ಇದನ್ನ ಕಲಿಯೂದ್ರೊಳಗ ಇಂಡಿ ಊರಿನ ಒಬ್ಬ ಹುಡುಗಿ ಏನೇನು ಅನುಭೋಗಿಸಿದ್ಳು ಅಂತ ನೆನಪಾದ್ರ ಇವತ್ತಿಗೂ ಉಂಡ ಅನ್ನ ಒಳಗ ಇಳಿಯೂದಿಲ್ಲ.

ಸಿಂದಗಿ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ನಂದು ಸ್ಟುಡಿಯೊ. ಅಪ್ಪ ಹಾಕಿದ್ದು, ನಾ ನಡಸಿದ್ದು. ಹೆಣ್ಣಮಗಳು ಕ್ಯಾಮೆರಾ ಹಿಡಿಯೋ ಸ್ಟುಡಿಯೊ ನನಗ ಗೊತ್ತಿದ್ದಂಗ ಆಸುಪಾಸಿನ್ಯಾಗ ಮತ್ತೊಂದು ಇರಲಿಲ್ಲ. ಅದಕ್ಕ ಕನ್ಯಾ ತೋರಿಸೋ ಫೋಟೋ ಅಂದ್ರ ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಮಂದಿ ಸುದ್ದಾ ಮಗಳನ್ನ ಕರಕೊಂಡು ನನ್ನ ಕಡೆ ಬರ್ತಿದ್ರು. ಕ್ಯಾಮೆರಾ ಹಿಂದ ಗಂಡಸು ಇಲ್ಲ ಅಂದ್ರ ಹುಡುಗ್ಯಾರ ಹೆಗಲು ಸಡಲ ಆಗತಾವ, ನಗು ಖರೇ ನಗು ಆಗತೈತಿ. ನನ್ನ ಬಾಯಿ ಬಿರುಸು ಅಂತ ಬೈಕೋತ, ಫೋಟೋ ಚೊಲೊ ಅಂತ ಹೊಗಳಿಕೋತ ಬರ್ತಿದ್ರು.

ನಮ್ಮ ಕಡೆ ಆ ಫೋಟೋಕ್ಕ ಒಂದು ರೀತಿ ಐತಿ. ಮಧ್ಯಸ್ಥರು ಹುಡುಗಿ ಫೋಟೋ ಒಯ್ದು ವರನ ಮನ್ಯಾಗ ಕೊಡ್ತಾರ. ಸಂಬಂಧ ಕೂಡಿದ್ರ ಫೋಟೋ ಅಲ್ಲೇ ಉಳೀತೈತಿ. ಕೂಡಲಿಲ್ಲ ಅಂದ್ರ ವಾಪಸ್ ಬರಬೇಕು. ಬೆಳದ ಹುಡುಗಿ ಫೋಟೋ ಪರರ ಮನಿ ಕಪಾಟಿನ್ಯಾಗ ಬಿದ್ದಿರೂದು, ನಾಳೆ ಯಾರ ಕೈಗೋ ಹತ್ತೂದು, ಅದು ಆಗದ ಮಾತು. ಮುದ್ದೇಬಿಹಾಳದ ಒಬ್ಬ ಮಧ್ಯಸ್ಥರಿಗೆ ಎಲ್ಲಾರೂ ಕಾಕಾ ಅಂತಿದ್ರು. ಬಿಳಿ ಟೊಪಗಿ, ಬಗಲಾಗ ರೆಕ್ಸಿನ್ ಚೀಲ, ಚೀಲದಾಗ ಹುಡುಗ್ಯಾರ ಫೋಟೋ. "ತಂಗಿ, ಸಂಬಂಧ ಕೂಡಸೂದು ಶಿವನ ಕೈಯಾಗ, ಫೋಟೋ ವಾಪಸ್ ತರೂದು ನನ್ನ ಕೈಯಾಗ" ಅಂತಿದ್ರು. ಮಳಿ ಇರ್ಲಿ, ಬಸ್ ಬಂದ್ ಇರ್ಲಿ, ಒಲ್ಲೆ ಅಂದ ಮನಿಯಿಂದ ಫೋಟೋ ತಗೊಂಡು ಹುಡುಗಿ ಅಪ್ಪನ ಕೈಯಾಗ ಇಟ್ಟ ಮ್ಯಾಲೇನ ಅವರು ಚಾ ಕುಡಿಯೋರು.

ಡಿಜಿಟಲ್ ಕ್ಯಾಮೆರಾ ಬಂದ ಹೊಸದಾಗ ಒಂದಿನ ಕಾಕಾ ಬೆವರು ವರಸಿಕೋತ ಬಂದು ಕುಂತ್ರು. "ಏನವಾ, ಈಗಿನ ಮಂದಿ ಹುಚ್ಚ ಆಗ್ಯಾರ. ವರ ಸೊಲ್ಲಾಪುರದಾಗ, ಅವನ ಅಣ್ಣ ಪುಣೆದಾಗ, ಅಕ್ಕನ ಗಂಡ ಮಸ್ಕತ್ತಿನ್ಯಾಗ. ಎಲ್ಲಾರಿಗೂ ಫೋಟೋ ಕಾಣಬೇಕಂತ. ನಾ ಮಸ್ಕತ್ತಿಗೆ ಯಾವ ಬಸ್ ಹತ್ತಲಿ?"

ಮೇಲ್ ಮಾಡ್ರಿ ಅಂದ್ರ ಆವಾಗಿನ ಮೇಲ್ ಡಬ್ಬಿ ಅಂಗೈಯಷ್ಟು. ಎರಡು ಫೋಟೋ ಬಿದ್ರ ತುಂಬತಿತ್ತು. ನೆಟ್ ಸೆಂಟರ್‌ನ್ಯಾಗ ಒಂದು ಫೋಟೋ ಮ್ಯಾಲಿನಿಂದ ಕೆಳಗ ಇಳಿಯೂದ್ರೊಳಗ ಹಣಿ ಕಾಣಸ್ತಿತ್ತು, ಕಣ್ಣು ಕಾಣಸ್ತಿತ್ತು, ಮೂಗಿನ ಮಟ ಬರೂದಕ್ಕ ಕರೆಂಟ್ ಹೋಗ್ತಿತ್ತು. ಅದಕ್ಕ ನಾ ಒಂದು ವಿಚಾರ ಮಾಡಿದ್ನಿ. ಫೋಟೋ ಸಣ್ಣದು ಮಾಡಿ ಇಂಟರ್ನೆಟ್‌ನ್ಯಾಗ ಒಂದು ಕಡೆ ಇಡೂದು, ಅದರ ಅಡ್ರೆಸ್ ಅಷ್ಟ ಕಳಸೂದು. ಯಾರು ಬೇಕೋ ಅವರು ತಗದು ನೋಡ್ಲಿ. ಇಷ್ಟು ಸಲೀಸು ಅಂತ ತಿಳಕೊಂಡಿದ್ನಿ.

ಮೊದಲನೇ ಸೈಟು ಪುಕ್ಕಟ್ಟೆ ಜಾಗ ಕೊಡ್ತಿತ್ತು. ಪುಕ್ಕಟ್ಟೆ ಸಿಕ್ರ ನನಗೊಂದು ನಮ್ಮಪ್ಪಗೊಂದು ಅಂತ ತಗೊಂಡ್ನಿ. ಫೋಟೋ ಹಾಕಿದ್ನಿ, ನನ್ನ ಕಂಪ್ಯೂಟರ್‌ನ್ಯಾಗ ಚೆಂದ ಕಾಣಿಸ್ತು. ಮುದ್ದೇಬಿಹಾಳದ ನೆಟ್ ಸೆಂಟರ್‌ನ್ಯಾಗ ಕಾಕಾ ತಗಿಸಿದ್ರ ಮುಖ ಇರೋ ಜಾಗಾದಾಗ ಕೆಂಪು ಅಡ್ಡಗೀಟಿನ ಗುರ್ತು. "ಹುಡುಗೀನ ಇಲ್ಲವಾ ಇದರಾಗ" ಅಂತ ಫೋನ್‌ನ್ಯಾಗ ಒದರಿದ್ರು. ನಾ ಅವರಿಗೇ ಬೈದ್ನಿ, ನಿಮಗ ತಗಿಯಾಕ ಬರೂದಿಲ್ಲ ಅಂತ. ಆಮ್ಯಾಲೆ ತಿಳೀತು, ನನ್ನ ಕಂಪ್ಯೂಟರ್ ಹಿಂದ ಒಮ್ಮೆ ನೋಡಿದ್ದನ್ನ ತನ್ನ ಹೊಟ್ಟ್ಯಾಗ ಇಟ್ಟುಕೊಂಡು ನನಗ ಅದನ್ನೇ ತೋರಸಾಕತ್ತಿತ್ತು. ಆ ಸೈಟು ತನ್ನ ಪುಟ ಬಿಟ್ಟು ಹೊರಗಿನವರು ಕೇಳಿದ್ರ ಫೋಟೋ ಕೊಡ್ತಿರಲಿಲ್ಲ. ಅವತ್ತಿನಿಂದ ನನ್ನ ಕಂಪ್ಯೂಟರಿನ ಮಾತು ನಂಬೂದು ಬಿಟ್ಟು, ಹಾಕಿದ ಫೋಟೋ ಬ್ಯಾರೆ ಊರಿಂದ ತಗಿಸಿ ನೋಡೂದು ಕಲತ್ನಿ.

ಎರಡನೇದ್ದು ಎಲ್ಲಾ ಊರಾಗೂ ತಗೀತಿತ್ತು. ಆದ್ರ ತಿಂಗಳಿಗೆ ಇಷ್ಟೇ ನೋಡಬೇಕು ಅಂತ ಅದಕ್ಕೊಂದು ಮಿತಿ. ಮಿತಿ ದಾಟಿದ್ರ ಫೋಟೋ ಜಾಗಾದಾಗ ಇಂಗ್ಲಿಷಿನ ಹಳದಿ ಬೋರ್ಡ್ ನಿಲ್ಲಸ್ತಿತ್ತು. ಬಾಗೇವಾಡಿ ಕಡೆಯ ಒಂದು ಮನ್ಯಾಗ ಅಜ್ಜಿನ್ನ ಕುರ್ಚಿ ಹಾಕಿ ಕೂಡ್ರಿಸಿ, ಸೊಸಿ ತೋರಸ್ತೇವಿ ಬಾ ಅಂತ ತಗದಾರ. ಬೋರ್ಡ್ ಬಂದೈತಿ. "ಸಾಲಿ ಭಾಳ ಕಲತ ಹುಡುಗಿ ಕಾಣತಾಳ" ಅಂದ್ಳಂತ ಅಜ್ಜಿ. ನಾ ನಕ್ಕ್ನಿ, ಕಾಕಾ ನಗಲಿಲ್ಲ. ಹುಡುಗಿ ಅಪ್ಪನ ಮುಂದ ಅವರ ಮಾನ ಹೋಗಿತ್ತು.

ಮೂರನೇದ್ದು ಸಿಕ್ಕಾಗ ದೇವರ ಸಿಕ್ಕಂಗ ಆತು. ಹೊರದೇಶದ ಸೈಟು, ಬರೇ ಫೋಟೋ ಇಡಾಕ ಅಂತನ ಮಾಡಿದ್ದು. ಹೆಸರು ಕೇಳೂದಿಲ್ಲ, ಪಾಸ್‌ವರ್ಡ್ ಕೇಳೂದಿಲ್ಲ, ಮಿತಿ ಇಲ್ಲ, ಕಾಯಂ ಇರತೈತಿ ಅಂತ ಬರಕೊಂಡಿದ್ರು. ನಾ ಸುಡುಗಾಡು ನಂಬಲಿಲ್ಲ. ಒಂದು ಇಡೀ ಮಳಿಗಾಲ ಪರೀಕ್ಷಾ ಮಾಡಿದ್ನಿ. ನಮ್ಮ ಅಂಗಡಿ ಮುಂದಿನ ಬೇವಿನ ಗಿಡದ ಫೋಟೋ ಹಾಕಿ ಇಂಡ್ಯಾಗ ನಮ್ಮ ಅತ್ತಿ ಮಗಗ, ಮುದ್ದೇಬಿಹಾಳದಾಗ ಕಾಕಾಗ, ಬಾಗೇವಾಡ್ಯಾಗ ಒಬ್ಬ ಗೆಳತಿಗೆ ತಗಿಸಿ ನೋಡ್ರಿ ಅಂತ ಫೋನ್ ಹಚ್ಚತಿದ್ನಿ. ಮುಂಜಾನೆ ಗಿಡ ಐತೇನು, ಸಂಜಿಗೆ ಗಿಡ ಐತೇನು, ಮಂದಿ ಭಾಳ ಇದ್ದಾಗ ಗಿಡ ಬರತೈತೇನು. ಗೆಳತಿ "ಗಿಡ ಎಲ್ಲಿ ಹೋಗತೈತವಾ, ಬೇರು ಬಿಟ್ಟೈತಿ" ಅಂತ ಚಾಷ್ಟಿ ಮಾಡ್ತಿದ್ಳು. ಗಿಡ ಅಳಗಾಡಲಿಲ್ಲ. ಆಮ್ಯಾಲೇನ ಹುಡುಗ್ಯಾರ ಫೋಟೋ ಅಲ್ಲಿ ಇಡಾಕ ಸುರು ಮಾಡಿದ್ನಿ.

ಫೋಟೋ ಹಾಕಿದ ಕೂಡಲೆ ಆ ಸೈಟು ಎರಡು ಅಡ್ರೆಸ್ ಕೊಡ್ತಿತ್ತು. ಮ್ಯಾಲಿಂದು ಫೋಟೋ ತೋರಸೂದು, ಕೆಳಗ ಸಣ್ಣ ಅಕ್ಷರದಾಗ ಇನ್ನೊಂದು ಅಳಸೂದು. ಆ ಎರಡನೇದ್ದು ಅವರು ಒಂದೇ ಸಲ ತೋರಸ್ತಿದ್ರು. ಕೆಲವಕ್ಕ ಅದನ್ನ ಉಳಿಸಿಕೊಂಡ್ನಿ, ಭಾಳಷ್ಟಕ್ಕ ಇಲ್ಲ. ಫೋಟೋ ಉಳಿಬೇಕು ಅಂತ ಜೀವಾ ತೇಯಾಕತ್ತಿದ್ದಾಕಿಗೆ ಅದನ್ನ ಅಳಸೂ ವಿಚಾರ ಯಾಕ ಬಂದೀತು?

ಫೋಟೋ ವಾಪಸ್ ಮಾಡೂ ನಮ್ಮ ರೀತಿಯ ಕತಿ ಏನಾತು ಅಂದ್ರ, ಅದು ಹಂಗೇ ನಡದಿತ್ತು. ಸೊಲ್ಲಾಪುರದ ಒಂದು ಮನಿಯವರು ಒಲ್ಲೆ ಅಂದಾಗ ಕಾಕಾ ಫೋನ್‌ನ್ಯಾಗ "ಫೋಟೋ ವಾಪಸ್ ಕಳಸ್ರಿ" ಅಂದ್ರಂತ. ಮರುದಿನ ನನಗ ಮೇಲ್ ಬಂತು. ನಾ ಕಳಸಿದ ಅಡ್ರೆಸ್ಸನ್ನೇ ತಿರಿಗಿ ಕಳಸಿ, ಕೆಳಗ "ಹುಡುಗಿಯ ಫೋಟೋ ವಾಪಸ್ ಕಳಿಸಿದ್ದೇವೆ, ಮುಟ್ಟಿದ್ದಕ್ಕೆ ತಿಳಿಸಬೇಕು" ಅಂತ ಬರದಿದ್ರು. ಹೊಟ್ಟಿ ಹಿಡಕೊಂಡು ನಕ್ಕು "ಮುಟ್ಟಿತು" ಅಂತ ಉತ್ತರಾ ಹಾಕಿದ್ನಿ. ಕಾಕಾ ಹುಡುಗಿ ಮನಿಗೆ ಹೋಗಿ "ಫೋಟೋ ವಾಪಸ್ ಬಂತ್ರಿ" ಅಂದು ಚಾ ಕುಡದು ಬಂದ್ರು. ಆವಾಗಿಂದ ಎಲ್ಲಾ ಮನಿಯವರೂ ಹಂಗೇ ವಾಪಸ್ ಮಾಡ್ತಿದ್ರು. ಎಲ್ಲಾರಿಗೂ ಸಮಾಧಾನ. ಫೋಟೋ ಮಾತ್ರ ಇದ್ದಲ್ಲೇ ಇತ್ತು.

ಇಂಡಿಯ ಹುಡುಗಿ ಬಂದಿದ್ದು ಆ ಹೊತ್ತಿನ್ಯಾಗ. ಅಲ್ಲೇ ಒಂದು ಖಾಸಗಿ ಸಾಲ್ಯಾಗ ಸಣ್ಣ ಮಕ್ಕಳಿಗೆ ಕಲಸ್ತಿದ್ಳು. ಅಪ್ಪಂದು ನಿಂಬಿ ತೋಟ, ಕಡಿಮಿ ಮಾತಿನ ಮನಶ್ಯಾ. ಆಕಿಗೆ ಕ್ಯಾಮೆರಾ ಅಂದ್ರ ಗಲ್ಲ ಬಿಗೀತಿತ್ತು. "ಟೀಚರ್, ನಿಮ್ಮ ಸಾಲ್ಯಾಗ ಭಾಳ ಕಿಡಗೇಡಿ ಯಾರು?" ಅಂದ್ನಿ. ಅದನ್ನ ನೆನಸಿಕೊಂಡು ನಕ್ಕ್ಳು ನೋಡ್ರಿ, ಆ ಹೊತ್ತಿಗೆ ಒತ್ತಿದ್ನಿ. ನನ್ನ ಕೈಯಿಂದ ಅಷ್ಟು ಚೊಲೊ ಫೋಟೋ ಮತ್ತ ಬಂದಿಲ್ಲ. ಅದನ್ನೂ ಆ ಮೂರನೇ ಸೈಟಿಗೆ ಏರಿಸಿದ್ನಿ. ಬಾಗೇವಾಡಿಯ ಒಂದು ದೊಡ್ಡ ಮನಿಯವರು ಆ ಫೋಟೋ ನೋಡೇ ಕನ್ಯಾ ನೋಡಾಕ ಬಂದ್ರು, ಒಪ್ಪಿದ್ರು. ವರ ಸೊಲ್ಲಾಪುರದಾಗ ಬ್ಯಾಂಕಿನ್ಯಾಗ ಇದ್ದ. ಕಾಕಾ ದಪ್ಪ ಕಾಗದದ ಮ್ಯಾಲೆ ತಗಿಸಿದ ಒಂದು ಪ್ರತಿನೂ ಅವರ ಮನ್ಯಾಗ ಕೊಟ್ಟು ಬಂದ್ರು. ಅಕ್ಕಿಕಾಳು ಹಾಕೂ ಮದಿವಿ ದಿನ ನೋಡೂದಷ್ಟ ಬಾಕಿ.

ಆಮ್ಯಾಲೆ ಒಂದಿನ ಮಧ್ಯಾಹ್ನ ಆಕಿ ಅಪ್ಪ ಸ್ಟುಡಿಯೊಕ್ಕ ಬಂದ್ರು. ಕುಂದ್ರಿ ಅಂದ್ರ ಕುಂದರಲಿಲ್ಲ. ನೀರು ಕೊಟ್ರ ಮುಟ್ಟಲಿಲ್ಲ. ನನ್ನ ಮುಂದ ಅಂಗೈ ಚಾಚಿ ನಿಂತ್ರು.

"ನನ್ನ ಮಗಳ ಫೋಟೋ ವಾಪಸ್ ಕೊಡ್ರಿ."

"ಏನಾತ್ರಿ ಯಪ್ಪಾ, ಬಾಗೇವಾಡಿ ಸಂಬಂಧ..."

"ಸಂಬಂಧದ ಸುದ್ದಿ ಬ್ಯಾಡ. ಫೋಟೋ ಕೊಡ್ರಿ."

ಕಾಕಾ ಅವರ ಹಿಂದ ಟೊಪಗಿ ಕೈಯಾಗ ಹಿಡಕೊಂಡು ನಿಂತಿದ್ರು. ಅವರೇ ಹೇಳಿದ್ರು. ಈ ಬಾಗೇವಾಡಿ ವರನ ಅಕ್ಕನ ಗಂಡ ಪುಣೆದಾಗ ಇರ್ತಾನ. ಅವಗ ಯಾರೋ ಒಂದು ಗೆಳೆತನದ ಪುಟದ ಅಡ್ರೆಸ್ ಕಳಸ್ಯಾರ. ಹೆಣ್ಣಮಕ್ಕಳ ಫೋಟೋ, ಕೆಳಗ ಸುಳ್ಳು ಹೆಸರು, ಮಾತಾಡ್ರಿ ಬರ್ರಿ ಅಂತ ಕರಿಯೂ ಮಾತು. ಅದರಾಗ ಈಕಿ ಫೋಟೋ, ಅದೇ ನಗು. ಬಾಗೇವಾಡಿಯವರು ಈಕಿನ ತಾನ ಹಾಕಿಕೊಂಡಾಳ ಅಂತ ತಿಳಕೊಂಡು ಸಂಬಂಧದ ಮಾತು ನಿಲ್ಲಸ್ಯಾರ. ಸುದ್ದಿ ಇಂಡಿ ಮುಟ್ಟಿ ಸಾಲ್ಯಾಗ ಹೆಡ್‌ಮಾಸ್ತರರು "ಟೀಚರ್, ಒಂದೀಟು ದಿನ ರಜಾ ಹಾಕ್ರಿ, ಪಾಲಕರು ಮಾತಾಡಾಕತ್ತಾರ" ಅಂದಾರ. ಸಂಬಂಧ ಹೋತು, ಕೆಲಸಾ ತೂಗಾಡಾಕತ್ತಿತ್ತು, ಓಣ್ಯಾಗ ತಲಿ ಎತ್ತಿ ನಡಿಯಾಕ ಆಗವಲ್ದು.

ಕಂಪ್ಯೂಟರ್ ಹಚ್ಚಿ ಆ ಪುಟ ತಗದ್ನಿ. ಖರೇನ ಇತ್ತು. ಆಮ್ಯಾಲೆ ಫೋಟೋ ಇಟ್ಟ ಸೈಟಿಗೆ ಹೋದ್ನಿ. ನಾ ಯಾವತ್ತೂ ಅದರ ಮುಂದಿನ ಪುಟ ನೋಡಿದಾಕಿ ಅಲ್ಲ, ನೆಟ್ಟಗ ಫೋಟೋ ಹಾಕೋ ಜಾಗಕ್ಕ ಹೋಗ್ತಿದ್ನಿ. ಈಗ ನೋಡಿದ್ರ ಮುಂದಿನ ಪುಟದಾಗ ಯಾರು ಏನು ಹಾಕಿದ್ರೂ ಲೋಕಕ್ಕೆಲ್ಲಾ ತೋರಸ್ತಿದ್ರು. ಬೆಕ್ಕು, ಮೋಟಾರ್ ಸೈಕಲ್, ಯಾರದೋ ಹುಟ್ಟಿದ ದಿನದ ಕೇಕು, ಅದರ ನಡುವ ನಮ್ಮ ಕಡೆ ಹುಡುಗ್ಯಾರು, ಕುಂಕುಮ ಹಚ್ಚಿಕೊಂಡು, ಇಳಕಲ್ ಸೀರಿ ಉಟ್ಟು. ನಾ ಬಾಗಲಾ ಭದ್ರ ಐತೇನು ಅಂತ ಬಡದು ಬಡದು ನೋಡಿದ್ನಿ, ಹಿಂದ ಗ್ವಾಡಿನ ಇರಲಿಲ್ಲ.

"ಕೊಡ್ರಿ" ಅಂದ್ರು ಅಪ್ಪ ಮತ್ತ. ಆ ಅಂಗೈ ಇನ್ನೂ ಚಾಚೇ ಇತ್ತು. ನಿಂಬಿ ಮುಳ್ಳು ಗೀಚಿದ ಕೈ. ಅದರಾಗ ಏನು ಇಡಲಿ ನಾ? ಸಿಡಿ ಇಡಲ್ಯಾ? ಒಂದು ಪ್ರಿಂಟ್ ತಗದು ಇಡಲ್ಯಾ? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ, ಈ ಫೋಟೋನೂ ಹಂಗೇ. "ವಾಪಸ್ ತರ್ತೇನ್ರಿ, ನನ್ನ ಮ್ಯಾಲೆ ಹಾಕ್ರಿ" ಅಂದ್ನಿ. ಹೆಂಗ ತರ್ತೇನಿ ಅನ್ನೂದು ಗೊತ್ತಿರಲಿಲ್ಲ. ಅವರು ಕೈ ಮಡಚಿಕೊಂಡು ಹೋದ್ರು.

ಗೆಳೆತನದ ಪುಟದವರಿಗೆ ಬರದ ಮೇಲ್ ಮುಟ್ಟದ ತಿರಿಗಿ ಬಂತು, ಅವರು ಕೊಟ್ಟ ಅಡ್ರೆಸ್ಸೇ ಸುಳ್ಳು. ಆದ್ರ ಆ ಪುಟ ಹೆಂಗ ಕಟ್ಟ್ಯಾರ ಅಂತ ಒಳಗಿನ ಬರಹ ತಗಿಸಿ ನೋಡಿದಾಗ ಒಂದು ಸಂಗತಿ ಕಾಣಿಸ್ತು. ಫೋಟೋ ಅವರ ಕಡೆ ಇರಲಿಲ್ಲ. ನಾ ಇಟ್ಟ ಜಾಗದಿಂದನ ಎಳಕೊಂಡು ತೋರಸಾಕತ್ತಿದ್ರು. ಅಂದ್ರ ಮೂಲದಾಗ ಅಳಸಿದ್ರ ಅಲ್ಲಿನೂ ಅಳೀತೈತಿ. ಆಸೆ ಅಂದ್ರ ಅದೊಂದ. ಈ ಹುಡುಗಿ ಫೋಟೋಕ್ಕ ಅಳಸೂ ಅಡ್ರೆಸ್ ನನ್ನ ಹತ್ರ ಇರಲಿಲ್ಲ.

ಸೈಟಿನವರಿಗೆ ಬರದ್ನಿ. ನನ್ನ ಇಂಗ್ಲಿಷ್ ಅಂದ್ರ ಆಲ್ಬಮ್ ಮ್ಯಾಲಿನ ಇಂಗ್ಲಿಷ್. ಡಿಕ್ಷನರಿ ಹಿಡಕೊಂಡು, ಒಂದೊಂದು ಮಾತು ತೂಗಿ ಬರದ್ರ ಯಂತ್ರದ ಉತ್ತರಾ ಬಂತು: ನಿಮ್ಮ ಪತ್ರ ಮುಟ್ಟಿದೆ. ಮತ್ತ ಬರದ್ನಿ, ಮತ್ತ ಅದೇ. ನಾ ಸೊಲ್ಲಾಪುರದವರಿಗೆ ಹಾಕಿದ "ಮುಟ್ಟಿತು" ಅನ್ನೂ ಉತ್ತರಾ ನೆನಪಾಗಿ ಮೈಯೆಲ್ಲಾ ಉರೀತು. ಸಿಟ್ಟಿಗೆ ಕೀಬೋರ್ಡ್ ಬಡದು ಒಂದು ಗುಂಡಿ ಕಿತ್ತ್ನಿ. ಗಿರಾಕಿಗಳು ಬಂದ್ರ ಪಾಸ್‌ಪೋರ್ಟ್ ಫೋಟೋನೂ ತಗಿಯಾಕ ಮನಸಾಗಲಿಲ್ಲ, ನಾಳೆ ಬರ್ರಿ ಅಂತ ಕಳಸ್ತಿದ್ನಿ.

ಬರಕೋತ ಬರಕೋತ ಕಡೀಕ ಒಬ್ಬ ಮನಶ್ಯಾನ ಉತ್ತರಾ ಬಂತು. ಮರ್ಯಾದಿಲಿಂದ ಬರದಿದ್ದ. ಫೋಟೋದಾಗ ಇರೋ ವ್ಯಕ್ತಿ ತಾನ ಬಂದು ಕೇಳಿದ್ರ ಅಳಸ್ತೇವಿ, ಆದ್ರ ಆ ವ್ಯಕ್ತಿನ ಕೇಳಾಕತ್ತಾಳ ಅಂತ ಖಾತ್ರಿ ಬೇಕು. ಆಕಿ ಫೋಟೋದ ನಂಬರ್ ಮತ್ತ ಇವತ್ತಿನ ತಾರೀಖು ಬರದ ಹಾಳಿ ಕೈಯಾಗ ಹಿಡಕೊಂಡು, ಮುಖ ಕಾಣೂ ಹಂಗ ಒಂದು ಹೊಸಾ ಫೋಟೋ ತಗಿಸಿ ಕಳಸಬೇಕು.

ಓದಿ ತಲಿ ಮ್ಯಾಲೆ ಕೈ ಹೊತ್ತು ಕುಂತ್ನಿ. ಇದನ್ನ ಆ ಅಪ್ಪಗ ಯಾವ ಬಾಯಿಲೆ ಹೇಳೂದು? ಕಾಕಾ, ನಾನು ಕೂಡೇ ಇಂಡಿಗೆ ಹೋದ್ವಿ. ಪಡಸಾಲ್ಯಾಗ ಕೂಡ್ರಿಸಿದ್ರು. ನಾ ಹೇಳಿ ಮುಗಸೂದ್ರೊಳಗ ಅಪ್ಪ ಎದ್ದು ನಿಂತ್ರು.

"ಒಂದು ವಾಪಸ್ ತಗೋಳಾಕ ಇನ್ನೊಂದು ಕೊಡಬೇಕಾ? ಬುದ್ಧಿ ಐತೇನವಾ ನಿನಗ? ಕೋಟಿ ಸೂರಿ ಹೋದ ಮ್ಯಾಲೆ ದಿಡ್ಡಿ ಬಾಗಲಾ ಹಾಕಾಕ ಬಂದೀದಿ, ಅದಕ್ಕೂ ನಾ ಕೀಲಿ ಕೊಡಬೇಕಾ?"

ಅವರು ಅಂದದ್ದರಾಗ ತಪ್ಪೇನಿತ್ತು? ಹುಡುಗಿ ಅಡಗಿಮನಿ ಬಾಗಲಾಗ ನಿಂತು ಎಲ್ಲಾ ಕೇಳಸಿಕೊಂಡ್ಳು. ನಾವು ಚಾ ಕುಡೀದ ಎದ್ದು ಬಂದ್ವಿ.

ಎರಡು ಮೂರು ದಿನ ಕಳದಿದ್ದವು. ಇಂಡಿ ಬಸ್ ಬಂದ ಹೊತ್ತಿಗೆ ಆಕಿ ಒಬ್ಬಾಕಿನ ಸ್ಟುಡಿಯೊದೊಳಗ ಬಂದ್ಳು. ಬಗಲಾಗ ಚೀಲ. ಚೀಲದಿಂದ ಮಕ್ಕಳು ಬರಿಯೂ ಕರೀ ಪಾಟಿ, ಒಂದು ಬಳಪ ತಗದು ಮೇಜಿನ ಮ್ಯಾಲೆ ಇಟ್ಟಳು.

"ನಂಬರ್ ಹೇಳ್ರಿ ಅಕ್ಕಾ."

"ಮನ್ಯಾಗ ಹೇಳಿ ಬಂದೀಯೇನವಾ? ಅಪ್ಪಾರು..."

"ಹೇಳೇನಿ. ಒಪ್ಪಿಗಿ ಕೇಳಿಲ್ಲ" ಅಂದ್ಳು. "ಮೊದಲನೇದ್ದು ಹಾಕೂವಾಗ ನನ್ನ ಯಾರೂ ಕೇಳಿದ್ದಿಲ್ಲ. ಅಪ್ಪನ್ನ ಕೇಳಿದ್ರಿ, ಕಾಕಾನ್ನ ಕೇಳಿದ್ರಿ. ಇದನ್ನ ನಾ ಹೇಳಾಕತ್ತೇನಿ, ತಗೀರಿ."

ನನಗ ಕಪಾಳಕ್ಕ ಹೊಡದಂಗ ಆತು. ಹೌದಲ್ಲ! ಹೆಣ್ಣಮಗಳು ನಡಸೋ ಸ್ಟುಡಿಯೊ ಅಂತ ಮೆರದಾಕಿ ನಾ, ಒಬ್ಬ ಹುಡುಗಿಗೆ "ನಿನ್ನ ಫೋಟೋ ಇಂಟರ್ನೆಟ್‌ನ್ಯಾಗ ಇಡಲ್ಯಾ ತಂಗಿ?" ಅಂತ ಕೇಳಿದ್ದಿಲ್ಲ.

ನಂಬರ್ ಹೇಳಿದ್ನಿ. ದುಂಡಗ, ಮಕ್ಕಳಿಗೆ ತಿದ್ದಾಕ ಬರದು ಕೊಟ್ಟಂಗ ಬರದ್ಳು. ಕೆಳಗ ತಾರೀಖು. ಸ್ಟೂಲ್ ಮ್ಯಾಲೆ ಕುಂತು ಪಾಟಿ ಎದಿ ಮಟ ಹಿಡದ್ಳು. ನಾ ರೂಢಿ ಪ್ರಕಾರ ಗದ್ದ ಒಂಚೂರು ಎತ್ತು ಅನ್ನಾಕ ಹೋದ್ನಿ. "ಹೆಂಗ ಕುಂದರಬೇಕು ಅಂತ ಇವತ್ತ ನಾನ ನೋಡಿಕೊಳ್ತೇನ್ರಿ" ಅಂದ್ಳು. ನಗಲಿಲ್ಲ, ಅಳಲಿಲ್ಲ, ಕ್ಯಾಮೆರಾದ ಕಣ್ಣಾಗ ಕಣ್ಣಿಟ್ಟು ಕುಂತ್ಳು. ಒಂದ ಸಲ ಒತ್ತಿದ್ನಿ.

ಅದನ್ನ ಯಾವ ಸೈಟಿಗೂ ಏರಸಲಿಲ್ಲ, ನೆಟ್ಟಗ ಆ ಮನಶ್ಯಾಗ ಮೇಲ್ ಮಾಡಿದ್ವಿ. "ಕೆಲಸ ಆದ ಮ್ಯಾಲೆ ಇದನ್ನೂ ಅಳಸಿ, ಅಳಸೇವಿ ಅಂತ ಬರೀಬೇಕು" ಅನ್ನೂ ಸಾಲನ್ನ ಆಕಿನ ಇಂಗ್ಲಿಷಿನ್ಯಾಗ ಬರದ್ಳು. ನನಗಿಂತ ಚೊಲೊ ಬರದ್ಳು. ನಡುವ ಒಮ್ಮೆ ಫೋನ್ ಲೈನ್ ಕಡದು, ಮತ್ತ ಮೊದಲಿನಿಂದ ಕಳಸಬೇಕಾತು. ಹೋತು ಅಂತ ಕಂಪ್ಯೂಟರ್ ಪರದಿ ಮ್ಯಾಲೆ ಬಂದ ಕೂಡಲೆ ಪಾಟಿ ಸೆರಗಿನಿಂದ ಒರಸಿ ಚೀಲದಾಗ ಹಾಕಿಕೊಂಡು ಬಸ್ಸಿಗೆ ಹೋದ್ಳು.

ಆಮ್ಯಾಲಿನ ದಿನಗಳ ಸುದ್ದಿ ಬ್ಯಾಡ. ಮುಂಜಾನೆ ಅಂಗಡಿ ಕಸಾ ಹೊಡದು, ಊದಿನಕಡ್ಡಿ ಹಚ್ಚಿ, ಆ ಅಡ್ರೆಸ್ ಹೊಡೀತಿದ್ನಿ. ಬೇವಿನ ಗಿಡ ಇರಲಿ ಅಂತ ಬೇಡಿಕೊಂಡ ಬಾಯಿಲೇನ ಈ ಮುಖ ಬರಬಾರದು ಅಂತ ಬೇಡಿಕೊಳ್ತಿದ್ನಿ. ಮುಖ ಬರ್ತಿತ್ತು, ನಗತಿತ್ತು. ಹಿಂಗ ಒಂದಿನ ಹೊಡದ್ರ ಕೆಂಪು ಅಡ್ಡಗೀಟಿನ ಗುರ್ತು ಬಂತು. ಹಿಂದ ಕಾಕಾನ್ನ ಒದರಿಸಿದ ಗುರ್ತು ಇವತ್ತ ನನಗ ದೇವರ ಪ್ರಸಾದ ಆಗಿತ್ತು. ಆದ್ರೂ ನನ್ನ ಕಂಪ್ಯೂಟರಿನ ಮಾತು ನಂಬಬಾರದಲ್ಲ. ಇಂಡಿಗೆ, ಮುದ್ದೇಬಿಹಾಳಕ್ಕ, ಬಾಗೇವಾಡಿಗೆ ಫೋನ್ ಹಚ್ಚಿದ್ನಿ. ಎಲ್ಲಾ ಕಡೆ ಇಲ್ಲ ಅಂದ್ರು. ಗೆಳೆತನದ ಪುಟದಾಗ ಸುಳ್ಳು ಹೆಸರಿನ ಮ್ಯಾಲೆ ಖಾಲಿ ಚೌಕ. ಕುಂತಲ್ಲೇ ಅತ್ತು ಬಿಟ್ಟ್ನಿ. ಆ ಮನಶ್ಯಾನೂ ಬರದಿದ್ದ, ಪಾಟಿ ಫೋಟೋನೂ ಅಳಸೇವಿ ಅಂತ.

ಹುಡುಕೋ ಸೈಟಿನ್ಯಾಗ ಮಾತ್ರ ಉಗುರಿನಷ್ಟು ಮಸುಕು ನೆರಳು ಭಾಳ ದಿನ ಉಳಿದಿತ್ತು. ಯಾರು ಯಾರು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಿದ್ರೋ ಅದು ಶಿವಗ ಗೊತ್ತು. ಅದನ್ನ ಆಕಿಗೆ ಮುಚ್ಚಿಡಲಿಲ್ಲ, ಹೇಳಿದ್ನಿ.

ಉಳದ ಹುಡುಗ್ಯಾರ ಮನಿಗೂ ನಾನು, ಕಾಕಾ ಬಸ್ ಹತ್ತಿ ಹೋದ್ವಿ. ವಾಪಸ್ ಬಂತು ಅಂತ ಚಾ ಕುಡದ ಮನ್ಯಾಗೇ ಕುಂತು, ವಾಪಸ್ ಬಂದಿಲ್ರಿ ಅಂತ ಹೇಳೂದು ಅಂದ್ರ ಏನು ಅನ್ನೂದು ಆ ಟೊಪಗಿ ಮನಶ್ಯಾನ ಮುಖದಾಗ ನೋಡಬೇಕಿತ್ತು. ಕೆಲವರು ಬಾಗಲಾ ಹಾಕಿಕೊಂಡ್ರು. ಒಬ್ಬ ತಾಯಿ, ಮದಿವಿ ಆದ ಮಗಳ ಗಂಡನ ಮನಿಗೆ ಈ ಸುದ್ದಿ ಮುಟ್ಟಬಾರದು ಅಂತ ಕಾಲು ಹಿಡಿಯಾಕ ಬಂದ್ಳು. ಅಳಸೂ ಅಡ್ರೆಸ್ ಇದ್ದವನ್ನ ನಾನ ಅಳಸಿದ್ನಿ. ಇಲ್ಲದವಕ್ಕ ಹುಡುಗ್ಯಾರು ಬಂದು ಪಾಟಿ ಹಿಡದು ಕುಂತ್ರು. ಬರಲಾರದವರೂ ಇದ್ರು. ಅವರ ಫೋಟೋ ಏನಾದವೋ ನನಗ ಗೊತ್ತಿಲ್ಲ.

ಅದಾದ ಮ್ಯಾಲೇನ ಹೊಸಾ ಜಾಗ ಹುಡುಕಾಕ ಹತ್ತಿದ್ನಿ. ಸೊಲ್ಲಾಪುರದಾಗ ಸರ್ವರ್ ಜಾಗ ಬಾಡಿಗಿ ಕೊಡೋ ಒಬ್ಬಾವ ಇದ್ದ, ಮರಾಠಿ ಕನ್ನಡ ಕೂಡಿಸಿ ಮಾತಾಡಾವ. ಎಷ್ಟು ಜಾಗ ಬೇಕ್ರಿ ಬಾಯೀ ಅಂದ. ಜಾಗ ಇರ್ಲಿ, ನಾ ಒಂದು ಫೋಟೋ ಅಳಸಿದ್ರ ಅದು ಖರೇನ ಹೋಗತೈತೇನು ಅಂದ್ನಿ. ನಕ್ಕ. "ಎಲ್ಲಾರೂ ಬಂದ್ ಆಗೂದಿಲ್ಲೇನು ಅಂತ ಕೇಳ್ತಾರ, ನೀವು ಹೋಗತೈತೇನು ಅಂತ ಕೇಳ್ತೀರಿ." ನಾ ನಗಲಿಲ್ಲ. ಆವಾಗ ನೆಟ್ಟಗ ಹೇಳಿದ: ಕೆಟ್ರ ಇರ್ಲಿ ಅಂತ ತಾನೂ ಒಂದು ಕಾಪಿ ಇಟ್ಟಿರ್ತಾನ, ಅಳಸಿದ ಮ್ಯಾಲೆ ಅದೂ ಹೋಗಾಕ ಒಂದು ವಾರ ಹಿಡೀತೈತಿ ಅಂತ. ಆಗೂದಿಲ್ಲ ಅನ್ನೂದನ್ನ ಮೊದಲೇ ಹೇಳಿದ್ದಕ್ಕ ಅವನ ಮ್ಯಾಲೆ ನಂಬಿಗಿ ಬಂತು. ನನ್ನ ಸ್ವಂತ ಮುಖದ ಫೋಟೋ ಏರಿಸಿ, ಹೊರಗಿನ ಪುಟದಿಂದ ಎಳದು ನೋಡಿದ್ನಿ, ಬರಲಿಲ್ಲ. ಪಾಸ್‌ವರ್ಡಿನ ಕೀಲಿ ಮಾತು ಇಲ್ಲದ ತಗಿಯಾಕ ನೋಡಿದ್ನಿ, ತಗಿಲಿಲ್ಲ. ಅಳಸಿ, ವಾರ ಬಿಟ್ಟು ಅವನ ಕಾಪ್ಯಾಗ ಹುಡುಕಸಿದ್ನಿ, ಇರಲಿಲ್ಲ. ಆಮ್ಯಾಲೆ ಒಂದು ನೇಮ ಮಾಡಿಕೊಂಡ್ನಿ. ಹುಡುಗಿ ತನ್ನ ಬಾಯಿಲೆ ಹೂಂ ಅನ್ನೂ ಮಟ ಫೋಟೋ ಮ್ಯಾಲೆ ಹೋಗೂದಿಲ್ಲ. ಕೀಲಿ ಮಾತು ಆಕಿನ ಇಡಬೇಕು, ಸಾಕು ಅನಿಸಿದಾಗ ಆಕಿನ ಅಳಸಬೇಕು. ಇದರಿಂದ ಕೆಲವು ಅಪ್ಪಗೋಳು ಸಿಟ್ಟಾಗಿ ಬ್ಯಾರೆ ಸ್ಟುಡಿಯೊಕ್ಕ ಹೋದ್ರು. ಹೋಗ್ಲಿ.

ಇಂಡಿಯ ಸಾಲಿಯವರು ಏನೂ ಆಗಿಲ್ಲ ಅನ್ನೂ ಹಂಗ ಟೀಚರ್‌ನ್ನ ತಿರಿಗಿ ಕರದ್ರು. ಬಾಗೇವಾಡಿಯವರೂ ಕಾಕಾನ್ನ ಕರಿಸಿದ್ರು. ಆ ಪುಟದಾಗ ಈಗ ಏನೂ ಇಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಕಾಕಾ ಖುಷಿಲಿಂದ ಇಂಡಿಗೆ ಓಡಿದ್ರು. ಅಲ್ಲಿ ನಡದದ್ದನ್ನ ಅವರೇ ನನ್ನ ಮುಂದ ಹೇಳಿದ್ದು.

"ದೊಡ್ಡ ಮನಸ್ಸು ಮಾಡ್ಯಾರವಾ, ಆಗಿದ್ದೆಲ್ಲಾ ಮರೀತಾರಂತ, ಅಂದ್ನಿ. ಆ ಹುಡುಗಿ ಒಳಗಿನಿಂದ ಹೊರಗ ಬಂತು. 'ಅವರು ಮರೀಬೇಕಾದ್ದು ನಾ ಏನು ಮಾಡೇನಿ ಕಾಕಾ? ನನ್ನ ಒಂದು ಮಾತು ಕೇಳಿದ್ರೇನು ಅವರು? ನನ್ನ ಫೋಟೋ ಅವರ ಮನ್ಯಾಗ ಒಂದು ಉಳದೈತಿ. ಅದನ್ನ ವಾಪಸ್ ತಗೊಂಡು ಬರ್ರಿ' ಅಂತು."

ಕಾಕಾ ಟೊಪಗಿ ತಗದು ತಲಿ ಕೆರಕೊಂಡ್ರು. "ಇಷ್ಟು ವರ್ಷ ವರನ ಮನಿಯವರು ಒಲ್ಲೆ ಅಂದ ಫೋಟೋ ಹೊತ್ತು ತಂದೇನಿ ತಂಗಿ. ಹುಡುಗಿ ಒಲ್ಲೆ ಅಂದು ತರಾಕ ಕಳಸಿದ್ದು ಇದೇ ಮೊದಲು. ಅವರಪ್ಪನ ಮುಖಾ ನೋಡಿದ್ನಿ. ಅವರೂ ತಗೊಂಡು ಬರ್ರಿ ಅಂದ್ರು." ಬಾಗೇವಾಡ್ಯಾಗ ಆ ಮನಿಯವರು ಕಾಕಾನ್ನ ಹೊರಗಿನ ಕಟ್ಟಿ ಮ್ಯಾಲೇನ ನಿಲ್ಲಿಸಿ ಫೋಟೋ ಕೈಗಿಟ್ಟಿದ್ರಂತ. "ನಿಲ್ಲಿಸಿದ್ರ ನಿಲ್ಲಸ್ಲಿ, ನಾ ಎರಡೂ ಕೈಲೆ ತಗೊಂಡ್ನಿ" ಅಂದ್ರು.

ಅದಾಗಿ ಕೆಲವು ದಿನಕ್ಕ ಆಕಿ ಅಪ್ಪ ಮತ್ತ ಸ್ಟುಡಿಯೊ ಬಾಗಲಾಗ 'ಬರ್ಲ್ಯಾ' ಅಂತ ನಿಂತ್ರು. ಕುಂದ್ರಿ ಅಂದ್ನಿ, ಕುಂತ್ರು. ನೀರು ಕೊಟ್ನಿ, ಕುಡದ್ರು. ಅಂಗಿ ಕಿಸೆದಾಗಿಂದ ಒಂದು ಲಕೋಟಿ ತಗದು ಬಿಚ್ಚಿದ್ರು. ಒಳಗ ಅದೇ ಫೋಟೋ, ಕಿಡಗೇಡಿ ಹುಡುಗನ್ನ ನೆನಸಿಕೊಂಡು ನಕ್ಕ ನಗು. ಮೂಲಿ ಒಂದೀಟು ಮಡಚಿತ್ತು. ಅವತ್ತು ಬರಿದ ಚಾಚಿದ್ದ ಅಂಗೈ ಮ್ಯಾಲೆ ಅದನ್ನ ಇಟ್ಟು ನನ್ನ ಮುಂದ ಹಿಡದ್ರು.

"ಇದನ್ನ ಎಲ್ಲಿ ಇಡೂಣವಾ ಅಂತ ಮಗಳನ್ನ ಕೇಳಿದ್ನಿ. ಸಿಂದಗಿ ಅಕ್ಕಾರ ಕಡೆ ಇಡು ಅಂದಾಳ. ಇಟ್ಟುಗೋತೀಯೇನವಾ?"

ಸೀರಿಗೆ ಕೈ ಒರಸಿಕೊಂಡು ಎರಡೂ ಕೈಲೆ ತಗೊಂಡ್ನಿ.

"ಇಟ್ಟುಗೋತೇನ್ರಿ" ಅಂದ್ನಿ. "ಆಕಿ ಕೇಳಿದ ದಿನ ವಾಪಸ್ ಕೊಡ್ತೇನಿ."